ಕೋವಿಯ ನಳಿಗೆ ಯಾರ ಕಡೆಗೆ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ರಾಜಕೀಯ ನೆನಪು ಶುರುವಾಗುವುದೇ ಸರ್ಕಾರದ ಲಾಠಿ-ಬಂದೂಕುಗಳ ಮೇಲಿನ ಸಿಟ್ಟಿನಿಂದ. 1951ರಲ್ಲಿ ಕಾಗೋಡಿನ ಗೇಣಿದಾರರು ಗದ್ದೆಗಿಳಿದು ಜೈಲಿಗೆ ಹೋದರು. ಅವರ ಬೆಂಬಲಕ್ಕೆ ಬಂದ ರಾಮಮನೋಹರ ಲೋಹಿಯಾ ಸಾಗರದಲ್ಲಿ ಬಂಧನಕ್ಕೊಳಗಾದರು. ಮರುವರ್ಷ ಸಾಗರ-ಹೊಸನಗರ ಕ್ಷೇತ್ರ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿತು. 1962 ಮತ್ತು 1967ರಲ್ಲಿ ಆ ಕೆಲಸವನ್ನು ತೀರ್ಥಹಳ್ಳಿ ಮಾಡಿತು. ಆದರೆ ಬಂದೂಕಿನ ಮಾತು ಬಂದಾಗ ಇಲ್ಲಿನ ಹಳೆಯ ಸಮಾಜವಾದಿಗಳು ಎತ್ತುತ್ತಿದ್ದ ಪ್ರಸಂಗ ಮಲೆನಾಡಿನದಲ್ಲ, ತಿರುವಾಂಕೂರು-ಕೊಚ್ಚಿಯದು. 1954ರ ಆಗಸ್ಟಿನಲ್ಲಿ ಅಲ್ಲಿ ಪಟ್ಟಂ ಥಾನು ಪಿಳ್ಳೆಯವರ ಪ್ರಜಾ ಸೋಷಲಿಸ್ಟ್ ಸರ್ಕಾರದ ಪೊಲೀಸರು ತಮಿಳು ಚಳವಳಿಗಾರರ ಮೇಲೆ ಗುಂಡು ಹಾರಿಸಿದಾಗ, ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಲೋಹಿಯಾ ಜೈಲಿನಲ್ಲಿದ್ದುಕೊಂಡೇ ತಮ್ಮ ಪಕ್ಷದ ಸರ್ಕಾರ ರಾಜೀನಾಮೆ ಕೊಡಬೇಕೆಂದು ಪಟ್ಟು ಹಿಡಿದರು. ಸರ್ಕಾರ ಇಳಿಯಲಿಲ್ಲ. ಪಕ್ಷ ಒಡೆಯಿತು, ಗೋಪಾಲಗೌಡರು ಲೋಹಿಯಾ ಜೊತೆ ನಿಂತರು. ಹೀಗಾಗಿ ಈ ಭಾಗದಲ್ಲಿ ಒಂದು ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ: ಒಂದು ಕೈಯಲ್ಲಿ ಗುಂಡು ಹಾರಿಸುವ ದೇಶ ಇನ್ನೊಂದು ಕೈಯಲ್ಲಿ ಶಾಂತಿ ಕಾಯಬಲ್ಲದೇ? ಆಗದು ಎನ್ನುವುದೇ ಆ ಉತ್ತರ. ಕಳೆದ ಎಪ್ಪತ್ತು ವರ್ಷಗಳಲ್ಲಿ ನಮ್ಮ ಸೇನೆ ಕೊರಿಯಾದಿಂದ ಜಾಫ್ನಾವರೆಗೆ ಮಾಡಿದ್ದನ್ನು ಒಂದೊಂದಾಗಿ ನೆನೆಯುತ್ತ ಹೋದರೆ ಈ ಉತ್ತರ ಅರ್ಧ ಮಾತ್ರ ಸರಿ ಎನ್ನಿಸುತ್ತದೆ. ಆ ಅರ್ಧ ಯಾವುದು ಎಂಬುದನ್ನು ಬಿಡಿಸಿ ನೋಡಬೇಕು.

ಕನ್ನಡನಾಡಿನ ಮಟ್ಟಿಗೆ ಈ ಕಥೆ ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಕೊಡಂದೇರ ತಿಮ್ಮಯ್ಯನವರದು. ಅವರು ಶಾಂತಿದೂತರಾಗಿ ಸೇನೆ ಸೇರಿದವರಲ್ಲ. 1948ರ ನವೆಂಬರ್ 1ರಂದು, ಟ್ಯಾಂಕು ಹತ್ತಲಾರದೆಂದು ಎಲ್ಲರೂ ನಂಬಿದ್ದ ಕಾಶ್ಮೀರದ ಜೋಜಿಲಾ ಕಣಿವೆಗೆ ಟ್ಯಾಂಕು ಹತ್ತಿಸಿ ಎದುರಾಳಿಗಳನ್ನು ಹಿಮ್ಮೆಟ್ಟಿಸಿದ ದಂಡನಾಯಕ ಅವರು. ಅದಾಗಿ ಐದು ವರ್ಷ ತುಂಬುವ ಮೊದಲೇ, ಅದೇ ವ್ಯಕ್ತಿ ಕೊರಿಯಾದಲ್ಲಿ ತಟಸ್ಥ ರಾಷ್ಟ್ರಗಳ ಕೈದಿ ವಾಪಸಾತಿ ಆಯೋಗದ ಅಧ್ಯಕ್ಷ. ಯುದ್ಧ ನಿಂತಿತ್ತು, ಆದರೆ ತಮ್ಮ ದೇಶಕ್ಕೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ಒಂದು ಕಡೆ, ಇನ್ನೊಂದು ಕಡೆ ವಿಶ್ವಸಂಸ್ಥೆ ಪಡೆಗಳ 359 ಮಂದಿ. ಇವರನ್ನೆಲ್ಲ ಕಾಯಲು ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ಅವರ ಕೈಕೆಳಗೆ ಭಾರತದ ಕಾವಲು ಪಡೆ ಹೋಯಿತು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಒಬ್ಬ ಜವಾನನೂ ತನ್ನ ನೆಲ ತುಳಿಯಕೂಡದು ಎಂದುಬಿಟ್ಟರು. ಹಾಗಾಗಿ ಇಂಚೋನ್ ಬಳಿ ಹಡಗಿನಿಂದಲೇ ಸಾವಿರಾರು ಜನರನ್ನು ಹೆಲಿಕಾಪ್ಟರಿನಲ್ಲಿ ಎತ್ತಿ, ಸೇನಾರಹಿತ ವಲಯದಲ್ಲಿ ಇಳಿಸಬೇಕಾಯಿತು. ಬೇಲಿಯೊಳಗಿನ ಕೈದಿಗಳೂ ಸ್ವಾಗತ ಕೋರಲಿಲ್ಲ, ಕಲ್ಲು ಬೀಸಿದರು. ಸೆಪ್ಟೆಂಬರಿನಲ್ಲಿ ಒಂದು ಆವರಣದವರು ಭಾರತದ ಮೇಜರ್ ಒಬ್ಬರನ್ನು ಹಿಡಿದಿಟ್ಟುಕೊಂಡರು. ಥೋರಟ್ ಬೆರಳೆಣಿಕೆಯ ಅಧಿಕಾರಿಗಳೊಂದಿಗೆ ಒಳಗೆ ನಡೆದುಹೋಗಿ, ಬೈಗುಳದ ನಡುವೆಯೇ ಚಹಾ-ಸಿಗರೇಟಿನ ಉಪಚಾರದ ಮಾತು ತೆಗೆದು, ಆವೇಶ ಇಳಿಸಿ, ಮೇಜರನ್ನು ಬಿಡಿಸಿಕೊಂಡು ಬಂದರು. ಎಲ್ಲ ದಿನವೂ ಹೀಗೆ ನಡೆಯಲಿಲ್ಲ ಎಂಬುದನ್ನೂ ಹೇಳಬೇಕು. ಅಕ್ಟೋಬರ್ ಮೊದಲ ವಾರದ ಗಲಭೆಯಲ್ಲಿ ಕಾವಲು ಪಡೆ ಗುಂಡು ಹಾರಿಸಿತು, ಕೈದಿಗಳು ಸತ್ತರು. ಹಾಗಿದ್ದೂ 1954ರ ಜನವರಿಯಲ್ಲಿ ಆಯೋಗ ತನ್ನ ಕೆಲಸ ಮುಗಿಸಿ ಹೊರಡುವ ಹೊತ್ತಿಗೆ ಎರಡೂ ಬಣಗಳು ಭಾರತವನ್ನು ಬೈಯುತ್ತಲೇ ಭಾರತದ ಸೈನಿಕನನ್ನು ಒಪ್ಪಿಕೊಂಡಿದ್ದವು.

ಆಗ ಭಾರತದ ಕೈ ಶುಭ್ರವಾಗಿತ್ತೇ? 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದಿಗೆ ಸೇನೆ ನುಗ್ಗಿತ್ತು, ಕಾಶ್ಮೀರದಲ್ಲಿ ವರ್ಷಕ್ಕೂ ಮಿಕ್ಕಿ ಯುದ್ಧ ನಡೆದಿತ್ತು. ಕೊರಿಯಾದಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಲ್ಲಿನವರು ಕಂಡಿದ್ದ ಭಾರತೀಯ ಸೇನೆ ಎಂದರೆ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್, ಅಂದರೆ ಗಾಯಾಳುಗಳಿಗೆ ಪಟ್ಟಿ ಕಟ್ಟುವ ತುಕಡಿ. ಸಿಂಗ್‌ಮನ್ ರೀಯ ಅಪನಂಬಿಕೆಯ ಬೇರು ಜೋಜಿಲಾದಲ್ಲಿ ಇರಲಿಲ್ಲ; ಕೊರಿಯಾದ ವಿಚಾರದಲ್ಲೇ ನೆಹರೂ ಕಮ್ಯುನಿಸ್ಟರ ಕಡೆ ವಾಲಿದ್ದಾರೆ ಎಂಬ ಗುಮಾನಿಯಲ್ಲಿತ್ತು. ಶಾಂತಿಪಾಲಕನನ್ನು ಜನ ಅಳೆಯುವುದು ಅವನ ದೇಶದ ಒಟ್ಟು ಪಾಪಪುಣ್ಯದ ಲೆಕ್ಕದಲ್ಲಲ್ಲ, ತಮ್ಮೊಂದಿಗಿನ ವ್ಯವಹಾರದಲ್ಲಿ. ನಮ್ಮ ಕಡೆ ಮಂಗ, ಹಂದಿ ಓಡಿಸಲು ಲೈಸೆನ್ಸ್ ಕೋವಿ ಇಟ್ಟುಕೊಂಡ ಯಜಮಾನರನ್ನು ಪಂಚಾಯ್ತಿಕೆಗೆ ಕರೆಯಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಅದೇ ಕೋವಿಯನ್ನು ಬೇಲಿ ತಕರಾರಿನಲ್ಲಿ ಒಮ್ಮೆ ಪಕ್ಕದ ಮನೆಯವನ ಕಡೆ ಎತ್ತಿದ್ದರೆ ಆಮೇಲೆ ಅವರ ಜಗುಲಿಗೆ ನ್ಯಾಯ ಕೇಳಿಕೊಂಡು ಯಾರೂ ಬರುವುದಿಲ್ಲ.

ಈ ಮಾತಿಗೆ ಗಟ್ಟಿ ಪರೀಕ್ಷೆ ಒದಗಿದ್ದು 1961ರ ಡಿಸೆಂಬರಿನಲ್ಲಿ. ಬೆಳಗಾವಿಯಲ್ಲಿ ಜಮಾಯಿಸಿದ ಸೇನೆ 18ರಂದು ಗೋವೆಗೆ ನುಗ್ಗಿತು. ಕಾರವಾರದ ಎದುರಿನ ಅಂಜದೀವಿಗೆ ಐಎನ್‌ಎಸ್ ಮೈಸೂರು ಮತ್ತು ತ್ರಿಶೂಲ್ ಹಡಗುಗಳ ನಾವಿಕರು ಇಳಿದರು, ಅವರಲ್ಲಿ ಏಳು ಮಂದಿ ಸತ್ತರು. ಸತ್ಯಾಗ್ರಹದಿಂದ ಗೋವೆ ಬಿಡಿಸಬೇಕೆಂದು 1946ರಲ್ಲೇ ಮಡಗಾಂವಿನಲ್ಲಿ ಚಳವಳಿಗೆ ಕಿಡಿ ಹೊತ್ತಿಸಿದ್ದ ಲೋಹಿಯಾರ ಶಿಷ್ಯರಿಗೆ ಇದು ಅರ್ಧ ಸಂತೋಷದ, ಅರ್ಧ ಮುಜುಗರದ ಸುದ್ದಿ. ಭದ್ರತಾ ಮಂಡಳಿಯಲ್ಲಿ ಅಮೆರಿಕದ ಅಡ್ಲಾಯ್ ಸ್ಟೀವನ್‌ಸನ್ ಭಾರತವನ್ನು ಕಟುವಾಗಿ ಟೀಕಿಸಿದರು; ಶಾಂತಿಯ ಉಪದೇಶ ಮಾಡುತ್ತಿದ್ದವರ ಬಣ್ಣ ಬಯಲಾಯಿತು ಎಂದು ಪಶ್ಚಿಮದ ಪತ್ರಿಕೆಗಳು ಬರೆದವು. ಅದೇ ಹೊತ್ತಿಗೆ ಕಾಂಗೋದಿಂದ ಸಿಡಿದು ನಿಂತಿದ್ದ ಕಟಾಂಗಾ ಪ್ರಾಂತ್ಯದಲ್ಲಿ ಭಾರತದ 99ನೇ ಪದಾತಿ ಬ್ರಿಗೇಡು ವಿಶ್ವಸಂಸ್ಥೆಯ ಬಾವುಟದ ಕೆಳಗೆ ಹೋರಾಡುತ್ತಿತ್ತು. ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಎಲಿಜಬೆತ್‌ವಿಲ್‌ನಲ್ಲಿ ಪ್ರಾಣ ಕೊಟ್ಟದ್ದು ಡಿಸೆಂಬರ್ 5ರಂದು, ಗೋವೆಗೆ ಸೇನೆ ನುಗ್ಗುವುದಕ್ಕೆ ಎರಡು ವಾರವೂ ಇರಲಿಲ್ಲ. ಗೋವೆಯ ಕಾರಣಕ್ಕೆ ಕಾಂಗೋದ ಕಾರ್ಯಾಚರಣೆ ಕುಸಿಯಿತೇ? ಇಲ್ಲ. 1963ರ ಜನವರಿಯಲ್ಲಿ ಕಟಾಂಗಾದ ಪ್ರತ್ಯೇಕತೆ ಕೊನೆಗೊಂಡಾಗ ಮುಂಚೂಣಿಯಲ್ಲಿದ್ದದ್ದು ಇದೇ ಬ್ರಿಗೇಡು. ಕಾಂಗೋದಲ್ಲಿ ಭಾರತದ ಹೆಸರು ಕೆಟ್ಟದ್ದೂ ನಿಜ, ಆದರೆ ಅದು ಗೋವೆಗಿಂತ ಮೊದಲಿನ ಮಾತು. ವಿಶ್ವಸಂಸ್ಥೆಯ ಪ್ರತಿನಿಧಿಯಾಗಿದ್ದ ರಾಜೇಶ್ವರ್ ದಯಾಳ್ ಪದಚ್ಯುತ ಪ್ರಧಾನಿ ಲುಮುಂಬಾ ಪರ ಇದ್ದಾರೆಂದು ರಾಜಧಾನಿ ಲಿಯೋಪೋಲ್ಡ್‌ವಿಲ್‌ನ ಸರ್ಕಾರವೂ ಪಶ್ಚಿಮದವರೂ ಹಟ ಹಿಡಿದು, 1961ರ ಮೇ ತಿಂಗಳಲ್ಲೇ ಅವರು ಹೊರನಡೆಯುವಂತೆ ಮಾಡಿದ್ದರು. ಕಾಂಗೋದವರು ಭಾರತದ ಮೇಲೆ ಸಂಶಯಪಟ್ಟದ್ದು ಕಾಂಗೋದ ಕಾರಣಕ್ಕೆ.

ಸೈಪ್ರಸ್ಸಿನದು ಇನ್ನೂ ನಾಜೂಕಿನ ಸಂಗತಿ. 1964ರ ಜುಲೈಯಲ್ಲಿ ತಿಮ್ಮಯ್ಯನವರು ಅಲ್ಲಿನ ವಿಶ್ವಸಂಸ್ಥೆ ಪಡೆಯ ದಂಡನಾಯಕರಾದರು. ಗ್ರೀಕ್ ಸೈಪ್ರಿಯಟರು, ಟರ್ಕಿಷ್ ಸೈಪ್ರಿಯಟರು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಕಾಲ. ಅವರು ಅಧಿಕಾರ ವಹಿಸಿಕೊಂಡ ಮರುತಿಂಗಳೇ ಟರ್ಕಿಯ ವಿಮಾನಗಳು ದ್ವೀಪದ ಮೇಲೆ ಬಾಂಬು ಹಾಕಿದವು. ವರ್ಷ ಕಳೆಯುವಷ್ಟರಲ್ಲಿ, 1965ರ ಆಗಸ್ಟ್-ಸೆಪ್ಟೆಂಬರಿನಲ್ಲಿ, ಭಾರತ-ಪಾಕಿಸ್ತಾನ ಯುದ್ಧ. ಟರ್ಕಿ ಬಹಿರಂಗವಾಗಿ ಪಾಕಿಸ್ತಾನದ ಬೆಂಬಲಕ್ಕೆ ನಿಂತಿತ್ತು. ಪಾಕಿಸ್ತಾನದ ವಿರುದ್ಧ ಕಾದಾಡಿದ ಸೇನೆಯ ಮಾಜಿ ಮುಖ್ಯಸ್ಥನೇ ತಮ್ಮ ನಡುವೆ ಮಧ್ಯಸ್ಥನಾಗಿರುವುದನ್ನು ಟರ್ಕಿಷ್ ಸೈಪ್ರಿಯಟರು ಆಕ್ಷೇಪಿಸಲು ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಅಂಥದ್ದೇನೂ ತಿಮ್ಮಯ್ಯನವರ ಕೆಲಸವನ್ನು ಕೆಡಿಸಲಿಲ್ಲ. ಡಿಸೆಂಬರ್ 18ರಂದು ಅವರು ಸೈಪ್ರಸ್ಸಿನಲ್ಲೇ ತೀರಿಕೊಂಡರು. ಮರುವರ್ಷ ಆ ದೇಶ ಅವರ ಹೆಸರಿನಲ್ಲಿ ಅಂಚೆಚೀಟಿ ತಂದಿತು. ಇದಕ್ಕೆ ಒಂದು ತಕರಾರು ಏಳುತ್ತದೆ, ಸರಿಯಾದ ತಕರಾರೇ: ಒಬ್ಬ ಜನರಲ್ ಎಂದರೆ ದೇಶವಲ್ಲ, ಸೈಪ್ರಸ್ಸಿನಲ್ಲಿ ಭಾರತದ ಪಡೆಗಳೇ ಇರಲಿಲ್ಲ. ಒಪ್ಪೋಣ. ಹಾಗಾದರೆ ಗಾಜಾ ನೋಡಬೇಕು. 1956ರಿಂದ 1967ರವರೆಗೆ ಈಜಿಪ್ಟ್-ಇಸ್ರೇಲ್ ನಡುವೆ ನಿಂತ ವಿಶ್ವಸಂಸ್ಥೆಯ ತುರ್ತು ಪಡೆಯಲ್ಲಿ ಭಾರತದ ತುಕಡಿಗಳು ಉದ್ದಕ್ಕೂ ಇದ್ದವು. ಗೋವೆ, ಚೀನಾ ಯುದ್ಧ, ಪಾಕಿಸ್ತಾನ ಯುದ್ಧ ಮೂರೂ ಆ ಅವಧಿಯಲ್ಲೇ ಆಗಿಹೋದವು. ಆ ಪಡೆ ಮುಗಿದದ್ದು ಈಜಿಪ್ಟಿನ ಅಧ್ಯಕ್ಷ ನಾಸರ್ ಹೊರಡಿ ಎಂದಾಗ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಸೇನೆಯ ಗುಣಗಾನವಾಗುತ್ತದೆ. ಶ್ರೀಲಂಕಾ ಇರುವುದರಿಂದ ಹಾಗೆ ನಿಲ್ಲಿಸುವಂತಿಲ್ಲ. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನ ಗೌರವ ವಂದನೆ ಸ್ವೀಕರಿಸುತ್ತ ಸಾಲಿನ ಮುಂದೆ ನಡೆಯುತ್ತಿದ್ದ ರಾಜೀವ್ ಮೇಲೆ ಸಿಂಹಳ ನಾವಿಕನೊಬ್ಬ ಬಂದೂಕಿನ ಹಿಡಿಕೆ ಬೀಸಿದ. ಅವರು ಥಟ್ಟನೆ ತಲೆ ತಗ್ಗಿಸಿದ್ದರಿಂದ ಪೆಟ್ಟು ಭುಜದ ಮೇಲೆ ಜಾರಿತು. ಆ ಒಂದು ಚಿತ್ರದಲ್ಲೇ ಮುಂದಿನದೆಲ್ಲ ಇತ್ತು. ಒಪ್ಪಂದ ಇದ್ದದ್ದು ಎರಡು ಸರ್ಕಾರಗಳ ನಡುವೆ. ನಿಜವಾಗಿ ಕಾದಾಡುತ್ತಿದ್ದ ಎಲ್‌ಟಿಟಿಇ ಅದಕ್ಕೆ ಸಹಿಯನ್ನೇ ಹಾಕಿರಲಿಲ್ಲ. 1983ರ ನಂತರ ತಮಿಳು ಉಗ್ರರಿಗೆ ತರಬೇತಿ, ಆಯುಧ ಕೊಟ್ಟದ್ದು ದೆಹಲಿಯೇ. 1987ರ ಜೂನ್ 4ರಂದು ಮಿರಾಜ್ ಯುದ್ಧವಿಮಾನಗಳ ಕಾವಲಿನಲ್ಲಿ ಜಾಫ್ನಾಕ್ಕೆ ಆಹಾರ ಎಸೆದು ಕೊಲಂಬೊವನ್ನು ಬೆದರಿಸಿದ್ದೂ ದೆಹಲಿಯೇ. ಎರಡು ತಿಂಗಳೊಳಗೆ ಅದೇ ದೆಹಲಿ ಅದೇ ಉಗ್ರರಿಂದ ಆಯುಧ ಕಿತ್ತುಕೊಳ್ಳುವ ಹೊಣೆ ಹೊತ್ತು ಸೇನೆ ಇಳಿಸಿತು, ಅದಕ್ಕೆ ಶಾಂತಿಪಾಲನಾ ಪಡೆ ಎಂದು ಹೆಸರಿಟ್ಟಿತು. ಸಿಂಹಳೀಯನಿಗೆ ಅದು ತಮಿಳರ ಪಡೆ. ತಮಿಳನಿಗೆ ಮೊದಲ ಎರಡು ತಿಂಗಳು ರಕ್ಷಕ, ಆಮೇಲೆ ಆಕ್ರಮಣಕಾರ.

ಆ ಎರಡು ತಿಂಗಳು ಕಳೆದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಜಾಫ್ನಾದ ಜನ ಹಾರ ಹಾಕಿ ಬರಮಾಡಿಕೊಂಡಿದ್ದರು. ಸೆಪ್ಟೆಂಬರ್ 26ರಂದು ಎಲ್‌ಟಿಟಿಇಯ ತಿಲೀಪನ್ ನಲ್ಲೂರು ದೇವಸ್ಥಾನದ ಬಳಿ ನೀರೂ ಮುಟ್ಟದ ಉಪವಾಸದಲ್ಲಿ ಸತ್ತ. ಅವನ ಬೇಡಿಕೆಗಳು ಇದ್ದದ್ದು ಭಾರತದ ಮುಂದೆ, ಕೊಲಂಬೊ ಮುಂದಲ್ಲ. ಅಕ್ಟೋಬರ್ 5ರಂದು ಶ್ರೀಲಂಕಾ ಸೇನೆ ಹಿಡಿದಿಟ್ಟಿದ್ದ ಎಲ್‌ಟಿಟಿಇ ಮುಖಂಡರಾದ ಕುಮಾರಪ್ಪ, ಪುಲೇಂದ್ರನ್ ಮತ್ತಿತರರು ಪಲಾಲಿಯಲ್ಲಿ ಸಯನೈಡ್ ತಿಂದರು, ಭಾರತದ ಅಧಿಕಾರಿಗಳಿಗೆ ತಡೆಯಲಾಗಲಿಲ್ಲ. ವಾರ ಕಳೆಯುವುದರೊಳಗೆ ಯುದ್ಧ. 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲಘು ಪದಾತಿ ದಳದ ತುಕಡಿಯಲ್ಲಿ ಬದುಕುಳಿದದ್ದು ಒಬ್ಬನೇ, ಅದೂ ಸೆರೆಯಾಳಾಗಿ. 21ರಂದು ಜಾಫ್ನಾ ಆಸ್ಪತ್ರೆಯಲ್ಲಿ ವೈದ್ಯರು, ದಾದಿಯರು, ರೋಗಿಗಳು ಸೇರಿ ಸುಮಾರು 70 ಮಂದಿ ಭಾರತದ ಸೈನಿಕರ ಗುಂಡಿಗೆ ಬಲಿಯಾದರು. ಒಳಗಿನಿಂದ ಎಲ್‌ಟಿಟಿಇಯ ಹುಲಿಗಳು ಗುಂಡು ಹಾರಿಸಿದ್ದರು ಎಂದು ಸೇನೆ ಹೇಳಿತು. ಇದ್ದಿರಬಹುದು. ಆದರೆ ಆ ದಿನದ ಮೇಲೆ ಯಾವ ತಮಿಳು ತಾಯಿಗೂ ಆ ಪಡೆಯ ಹೆಸರಿನಲ್ಲಿದ್ದ ಶಾಂತಿ ಕಾಣಿಸಲಿಲ್ಲ. ಎರಡೂವರೆ ವರ್ಷದಲ್ಲಿ ಭಾರತದ 1,100ಕ್ಕೂ ಹೆಚ್ಚು ಸೈನಿಕರು ಸತ್ತರು. ನಡುವೆ ಶ್ರೀಲಂಕಾದ ಪ್ರೇಮದಾಸ ಸರ್ಕಾರವೇ ಭಾರತದ ವಿರುದ್ಧ ಹುಲಿಗಳಿಗೆ ಆಯುಧ ಕೊಟ್ಟಿತು. 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ಮದ್ರಾಸಿನಲ್ಲಿ ಇಳಿದಾಗ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. 1991ರ ಮೇ 21ರಂದು ಹುಲಿಗಳಿಂದ ರಾಜೀವ್ ಹತ್ಯೆ. ಆಗಸ್ಟಿನಲ್ಲಿ ಬೆಂಗಳೂರಿನ ಕನಕಪುರ ರಸ್ತೆಯ ಕೋಣನಕುಂಟೆಯ ಬಾಡಿಗೆ ಮನೆಯೊಂದರಲ್ಲಿ ಆ ಹತ್ಯೆಯ ಸೂತ್ರಧಾರ ಶಿವರಾಸನ್ ಮತ್ತು ಸಂಗಡಿಗರ ಹೆಣಗಳು. ಜಾಫ್ನಾದ ಲೆಕ್ಕ ಕನಕಪುರ ರಸ್ತೆಯವರೆಗೂ ಬಂದು ತೀರಿತು.

ಹುಲಿಗಳಂಥ ನಿರ್ದಯಿ ಸಂಘಟನೆ ಎದುರಿಗಿದ್ದರೆ ಯಾವ ಪಡೆ ತಾನೇ ಗೆಲ್ಲುತ್ತಿತ್ತು ಎಂದು ನಿವೃತ್ತ ಸೇನಾಧಿಕಾರಿಗಳು ಕೇಳುತ್ತಾರೆ. ಹುಲಿಗಳ ಕ್ರೌರ್ಯವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದೇ ಸೇನೆ, ಅದೇ ವರ್ಷಗಳಲ್ಲಿ, 1988ರ ನವೆಂಬರಿನಲ್ಲಿ ಮಾಲ್ದೀವ್ಸಿಗೆ ಹಾರಿ ದಂಗೆ ಅಡಗಿಸಿತು. ಅಲ್ಲಿ ಬಲಪ್ರಯೋಗಕ್ಕೆ ಹೋದವರು ಬಲಪ್ರಯೋಗ ಎಂದೇ ಹೇಳಿ ಹೋಗಿದ್ದರು, ಯಾರಿಗೂ ಗೊಂದಲವಿರಲಿಲ್ಲ. ಶ್ರೀಲಂಕಾದಲ್ಲಿ ಸೋತದ್ದು ಸೈನಿಕನ ಶೌರ್ಯವಲ್ಲ. ಜಗಳದಲ್ಲಿ ಪಾಲುದಾರನಾದವನು ಪಂಚನ ಪೀಠದಲ್ಲಿ ಕೂತದ್ದೇ ಸೋಲು. ಸಿಯಾಚಿನ್‌ನಲ್ಲೋ ಪಂಜಾಬಿನಲ್ಲೋ ಆಗ ಭಾರತ ಬಳಸುತ್ತಿದ್ದ ಬಲಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

ನನ್ನ ವಾದಕ್ಕೆ ನಿಜವಾಗಿ ತೊಡಕಾಗುವುದು ಅಜರ್‌ಬೈಜಾನಿನೊಳಗೆ ಅರ್ಮೇನಿಯನ್ನರು ನೆಲೆಸಿದ್ದ ಕರಾಬಾಖ್. 2020ರ ನವೆಂಬರಿನ ಒಪ್ಪಂದದಂತೆ ಅರ್ಮೇನಿಯನ್ನರನ್ನು ಕಾಯಲು ರಷ್ಯಾ 1,960 ಶಾಂತಿಪಾಲಕರನ್ನು ಇಟ್ಟಿತ್ತು. 2022ರಲ್ಲಿ ಉಕ್ರೇನಿನ ಮೇಲೆ ರಷ್ಯಾ ದಂಡೆತ್ತಿ ಹೋಯಿತು. ಅದೇ ಡಿಸೆಂಬರಿನಲ್ಲಿ ಕರಾಬಾಖಿನಿಂದ ಅರ್ಮೇನಿಯಾಕ್ಕಿದ್ದ ಲಾಚಿನ್ ದಾರಿ ಬಂದ್ ಆಯಿತು, 2023ರ ಸೆಪ್ಟೆಂಬರಿನಲ್ಲಿ ಅಜರ್‌ಬೈಜಾನ್ ದಾಳಿ ಮಾಡಿದಾಗ ಆ ಪಡೆ ಸುಮ್ಮನೆ ನಿಂತು ನೋಡಿತು, 1,00,000ಕ್ಕೂ ಹೆಚ್ಚು ಜನ ಊರು ಬಿಟ್ಟರು. ಇಲ್ಲಿ ನಳಿಗೆ ಇದ್ದದ್ದು ಉಕ್ರೇನಿನ ಕಡೆ, ಕೆಟ್ಟದ್ದು ಕರಾಬಾಖಿನ ಕಾವಲು. ದೂರದ ಯುದ್ಧ ಶಾಂತಿಪಾಲಕನನ್ನು ಬಾಧಿಸುವುದಿಲ್ಲ ಎಂದು ಇದಾದ ಮೇಲೂ ಹೇಳುವುದು ಹೇಗೆ? ಬಾಧಿಸುತ್ತದೆ, ಒಂದು ದಾರಿಯಲ್ಲಿ: ಯುದ್ಧ ರಾಜಧಾನಿಯನ್ನು ಬಡವಾಗಿಸಿ, ಜಗಳದ ಒಂದು ಬಣದ ಹಂಗಿಗೆ ಬೀಳಿಸಿದಾಗ. ಮಾಸ್ಕೋಗೆ ಆಗ ಅಜರ್‌ಬೈಜಾನ್ ಮತ್ತು ಟರ್ಕಿಯ ಸ್ನೇಹ ಬೇಕಿತ್ತು, ಅರ್ಮೇನಿಯನ್ನರದ್ದು ಬೇಕಿರಲಿಲ್ಲ. ಇದಕ್ಕೆ ಪ್ರತಿಯಾಗಿ 1962 ಇದೆ. ಚೀನಾ ಬೋಮ್ಡಿಲಾದವರೆಗೆ ಇಳಿದುಬಂದಿದ್ದಾಗಲೂ, ಒಂದೊಂದು ಬೆಟಾಲಿಯನ್ನಿಗೂ ಪರದಾಡುತ್ತಿದ್ದ ನೆಹರೂ ಕಾಂಗೋದ ಬ್ರಿಗೇಡನ್ನು ತಕ್ಷಣ ವಾಪಸು ಕರೆಯಲಿಲ್ಲ. ಅದು ಬುದ್ಧಿವಂತಿಕೆಯೋ ಅಲ್ಲವೋ, ಅಸ್ಸಾಮಿನವರನ್ನು ಕೇಳಿದರೆ ಬೇರೆ ಉತ್ತರ ಬಂದೀತು. ಕಾಂಗೋದವರ ಮಟ್ಟಿಗೆ ಮಾತ್ರ ಕಾವಲುಗಾರ ಜಾಗ ಬಿಟ್ಟು ಕದಲಲಿಲ್ಲ.

ಈಗ ಲೋಹಿಯಾರ ಕಡೆಗೆ ಹೊರಳಬಹುದು. ಅಹಿಂಸೆಯ ಮಾತಾಡುವ ಪಕ್ಷದ ಸರ್ಕಾರ ಗುಂಡು ಹಾರಿಸಬಾರದು ಎಂದ ಅವರ ನಿಲುವು ನನ್ನ ವಾದವನ್ನು ಮುರಿಯುವಂತೆ ಮೇಲುನೋಟಕ್ಕೆ ಕಾಣುತ್ತದೆ. ಆದರೆ ಪಟ್ಟಂ ಸರ್ಕಾರದ ಪೊಲೀಸರು ಹೊಡೆದದ್ದು ಯಾರನ್ನು? ಆ ಸರ್ಕಾರವೇ ಕಾಪಾಡಬೇಕಾಗಿದ್ದ ಪ್ರಜೆಗಳನ್ನು. ಕಾಯುವ ಕೈ ಕಾಯಬೇಕಾದವನ ಮೇಲೇ ಎದ್ದಾಗ ಅದರ ಅಧಿಕಾರ ಮುಗಿಯಿತು ಎಂಬುದೇ ಅವರ ಹಠದ ತಿರುಳಾಗಿದ್ದರೆ, ಜಾಫ್ನಾದ ಆಸ್ಪತ್ರೆಯಲ್ಲಿ ಆದದ್ದೂ ಅದೇ.

ಮಲೆನಾಡು ಇದನ್ನು ಓದಿ ತಿಳಿಯಬೇಕಾಗಿರಲಿಲ್ಲ. 2000ದ ದಶಕದಲ್ಲಿ ಆಗುಂಬೆಯ ಸುತ್ತಿನ ಕಾಡಂಚಿನ ಮನೆಗಳಿಗೆ ರಾತ್ರಿ ಅಕ್ಕಿ ಕೇಳಿಕೊಂಡು ನಕ್ಸಲರು, ಹಗಲು ಅಕ್ಕಿ ಯಾರಿಗೆ ಕೊಟ್ಟೆ ಎಂದು ಕೇಳಿಕೊಂಡು ಪೊಲೀಸರು ಬರುತ್ತಿದ್ದರು. ಪೊಲೀಸರು ಸೈನಿಕರಲ್ಲ, ಈ ಕಾಡು ಪರದೇಶವೂ ಅಲ್ಲ, ಆದರೂ ಪಾಠ ಒಂದೇ. ಮಾತುಕತೆಯ ಮಾತು ಓಡಾಡುತ್ತಿದ್ದಾಗಲೇ 2005ರ ಫೆಬ್ರವರಿ 6ರಂದು ಬಲ್ಲಿಗೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಎನ್‌ಕೌಂಟರಿಗೆ ಬಲಿಯಾದರು. ನಾಲ್ಕೈದು ದಿನದಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಮೀಸಲು ಪಡೆಯ ಪೊಲೀಸರ ಹತ್ಯೆ. ಶಾಂತಿಯ ಮಾತು ಅಲ್ಲಿಗೆ ಸತ್ತಿತು. 2014ರ ಡಿಸೆಂಬರಿನಲ್ಲಿ ನಕ್ಸಲರಾಗಿದ್ದ ಸಿರಿಮನೆ ನಾಗರಾಜ್, ನೂರ್ ಜುಲ್ಫಿಕರ್ ಹೊರಬಂದದ್ದು ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್ ನಡುವೆ ನಿಂತದ್ದರಿಂದ. 2024ರ ನವೆಂಬರ್ 18ರಂದು ಕಬ್ಬಿನಾಲೆಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿ. 2025ರ ಜನವರಿ 8ರಂದು ಮುಂಡಗಾರು ಲತಾ ಸೇರಿ ಆರು ಮಂದಿ ನಕ್ಸಲರು ಶರಣು. ಗುಂಡಿನ ಹೆದರಿಕೆಗೇ ಬಂದರು ಎನ್ನುವವರಿದ್ದಾರೆ. ಹೆದರಿಕೆ ಕಾಡಿನಿಂದ ಹೊರಗಟ್ಟಿರಬಹುದು, ಆದರೆ ಅವರು ನಡೆದು ಹೋದದ್ದು ನಿಗ್ರಹ ಪಡೆಯ ಕ್ಯಾಂಪಿಗಲ್ಲ. ನಾಗರಿಕ ಮಧ್ಯಸ್ಥರ ಕೈ ಹಿಡಿದುಕೊಂಡು ಮುಖ್ಯಮಂತ್ರಿಯ ಗೃಹ ಕಚೇರಿಗೆ ಹೋದರು. ಬಲ ಒಬ್ಬರ ಕೈಯಲ್ಲಿ, ಭರವಸೆ ಇನ್ನೊಬ್ಬರ ಕೈಯಲ್ಲಿ ಇದ್ದದ್ದರಿಂದ ಅದು ಕೆಲಸ ಮಾಡಿತು.

2025ರ ಜೂನ್‌ನಲ್ಲಿ ಸರ್ಕಾರ ನಕ್ಸಲ್ ನಿಗ್ರಹ ಪಡೆಯ ಸಿಬ್ಬಂದಿಯನ್ನೇ ತೆಗೆದುಕೊಂಡು, ಕೋಮುಹಿಂಸೆ ತಡೆಯುವ ವಿಶೇಷ ಕಾರ್ಯಪಡೆ ಕಟ್ಟಿತು. ಅದರ ವ್ಯಾಪ್ತಿಯಲ್ಲಿ ದಕ್ಷಿಣ ಕನ್ನಡ, ಉಡುಪಿಗಳ ಜೊತೆ ಶಿವಮೊಗ್ಗ ಜಿಲ್ಲೆಯೂ ಇದೆ, ಅಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳೂ ಇವೆ. ಗಲಭೆ ಹತ್ತಿದ ಕಡೆ ಓಡಿಹೋಗಿ ಅಡಗಿಸುವ ಕೆಲಸಕ್ಕೆ ಆ ಪಡೆ ತಕ್ಕುದಾಗಿಯೇ ಇದ್ದೀತು. ಆದರೆ ಗಣೇಶೋತ್ಸವ, ಈದ್ ಮಿಲಾದ್‌ಗಳಿಗೆ ಮುಂಚೆ ಠಾಣೆಗಳಲ್ಲಿ ಕರೆಯುವ ಶಾಂತಿ ಸಭೆಗಳ ಹತ್ತಿರ ಅದನ್ನು ಸುಳಿಯಗೊಡಬಾರದು. ಆ ಸಭೆಯನ್ನು ಲಾಠಿ ಬೀಸದ ತಹಶೀಲ್ದಾರರು, ಎರಡೂ ಕಡೆಯ ಮನೆಗಳ ಮದುವೆ-ಮುಂಜಿಗೆ ಹೋಗಿ ಊಟ ಮಾಡಿ ಬರುವ ಸ್ಥಳೀಯ ಪಿಎಸ್‌ಐ ನಡೆಸಲಿ. ಕಾರ್ಯಪಡೆಯ ವ್ಯಾನು ಅವತ್ತು ಠಾಣೆಯ ಮುಂದೆ ನಿಲ್ಲುವುದೂ ಬೇಡ.